ದುಡ್ಡು ಕಟ್ಟಿಯಾಯಿತು, ಕಲೆಕ್ಷನ್ ಮಾತ್ರ ರಿಪೋರ್ಟಿನಿಂದ ಹೋಗುತ್ತಿಲ್ಲ

ಪ್ರಶ್ನೆ: ನಾನು ದಾವಣಗೆರೆಯವನು. ಆರು ವರ್ಷದಿಂದ ಅಮೆರಿಕದಲ್ಲಿದ್ದೇನೆ, ಈಗ ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿ. ಎರಡು ವರ್ಷದ ಹಿಂದೆ ಅಪಾರ್ಟ್‌ಮೆಂಟ್ ಬದಲಾಯಿಸಿದಾಗ ಹಳೆ ಇಂಟರ್ನೆಟ್ ಕನೆಕ್ಷನ್ ನಿಲ್ಲಿಸಿದೆ. ಮೋಡೆಮ್ ವಾಪಸ್ ಬಂದಿಲ್ಲ ಎಂದು ಕಂಪನಿ 286 ಡಾಲರ್ ಬಿಲ್ ಹಾಕಿತ್ತಂತೆ. ಕಾಗದವೆಲ್ಲ ಹಳೆ ವಿಳಾಸಕ್ಕೆ ಹೋಯಿತು, ನಾನು ಆಗ ಊರಿಗೆ ಹೋಗಿದ್ದೆ. ಗೊತ್ತಾಗುವಷ್ಟರಲ್ಲಿ ಬಿಲ್ಲು ಬಾಕಿ ವಸೂಲಿ ಮಾಡುವ ಕಲೆಕ್ಷನ್ ಏಜೆನ್ಸಿ ಸೇರಿತ್ತು. 'ಮೋಡೆಮ್ ನಾನೇ ವಾಪಸ್ ಕೊಟ್ಟೆ' ಅಂತ ರೂಮ್‌ಮೇಟ್ ಹೇಳುತ್ತಾನೆ. ಆದರೂ ಸುಮ್ನೆ ತಲೆನೋವು ಯಾಕೆ ಎಂದು ಪೂರ್ತಿ ಕಟ್ಟಿಬಿಟ್ಟೆ. ಈಗ ಮನೆ ಕೊಳ್ಳಲು ಲೋನ್ ಕೇಳಿದರೆ ಆ ಕಲೆಕ್ಷನ್ ಇನ್ನೂ ನನ್ನ ಸಾಲದ ಇತಿಹಾಸ ತೋರಿಸುವ ಕ್ರೆಡಿಟ್ ರಿಪೋರ್ಟಿನಲ್ಲಿದೆ, ಪಕ್ಕದಲ್ಲಿ 'ಪೇಯ್ಡ್' ಎಂದು. ಫೋನಿನ ಆ್ಯಪ್‌ನಲ್ಲಿ ಕ್ರೆಡಿಟ್ ಸ್ಕೋರ್ 741, ಲೋನ್ ಆಫೀಸರ್ ಹೇಳುವುದು 688. 'ನನ್ನದಲ್ಲ ಅಂತ ಡಿಸ್ಪ್ಯೂಟ್ (ತಕರಾರು) ಹಾಕು, ಹೋಗುತ್ತೆ' ಎಂದು ಸ್ನೇಹಿತನೊಬ್ಬ ಹೇಳುತ್ತಾನೆ. ಒಂದು ಕಂಪನಿ 900 ಡಾಲರ್ ಕೊಟ್ಟರೆ ಗ್ಯಾರಂಟಿ ತೆಗೆಸುತ್ತೇವೆ ಅನ್ನುತ್ತದೆ. ಏನು ಮಾಡಲಿ?

ಉತ್ತರ: ಸ್ನೇಹಿತರ ಸಲಹೆ ಬೇಡ, 900 ಡಾಲರಿನ ಸೇವೆಯೂ ಬೇಡ. ಕಾರಣ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ನೀವು ಸಣ್ಣದು ಅಂದುಕೊಂಡು ಬರೆದ ಒಂದು ಮಾತನ್ನು ಹಿಡಿದುಕೊಳ್ಳುತ್ತೇನೆ. ಮೋಡೆಮ್ ವಾಪಸ್ ಕೊಟ್ಟಿದ್ದೆ ಎಂದು ನಿಮ್ಮ ರೂಮ್‌ಮೇಟ್ ಹೇಳಿದರು ಅಲ್ವಾ? ಅದು ನಿಜವಾದರೆ ನಿಮ್ಮದು 'ತೀರಿಸಿದ ಸಾಲ' ಅಲ್ಲವೇ ಅಲ್ಲ. ಇಲ್ಲದ ಸಾಲಕ್ಕೆ ನೀವು ದುಡ್ಡು ಕಟ್ಟಿದ್ದೀರಿ. ಈ ಎರಡಕ್ಕೂ ದಾರಿ ಬೇರೆ ಬೇರೆ. ಮೊದಲನೆಯದರಲ್ಲಿ ನೀವು ದಯವಿಟ್ಟು ತೆಗೆಯಿರಿ ಎಂದು ಕೇಳಿಕೊಳ್ಳಬೇಕು. ಎರಡನೆಯದರಲ್ಲಿ ತೆಗೆಯಲೇಬೇಕು ಎಂದು ಕೇಳಬಹುದು.

ಮೊದಲು ಕಾನೂನು. ಸಾಲ ತೀರಿಸಿದ ತಕ್ಷಣ ರಿಪೋರ್ಟಿನಿಂದ ಅಳಿಸಬೇಕು ಎಂಬ ನಿಯಮ ಅಮೆರಿಕದಲ್ಲಿ ಇಲ್ಲ. 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆಕ್ಟ್ ಪ್ರಕಾರ ಕಲೆಕ್ಷನ್‌ಗೆ ಹೋದ ಖಾತೆ 7 ವರ್ಷ ರಿಪೋರ್ಟಿನಲ್ಲಿ ಇರಬಹುದು. ಆ 7 ವರ್ಷದ ಎಣಿಕೆ ಶುರುವಾಗುವುದು ಬಾಕಿ ಮೊದಲು ಬಿದ್ದ ದಿನದಿಂದ 180 ದಿನ ಕಳೆದ ಮೇಲೆ. ಅಂದರೆ ಹೆಚ್ಚೆಂದರೆ ಏಳೂವರೆ ವರ್ಷ. ಏಜೆನ್ಸಿ ಯಾವಾಗ ಕೈಗೆ ತೆಗೆದುಕೊಂಡಿತು, ನೀವು ಯಾವಾಗ ಕಟ್ಟಿದಿರಿ ಎಂಬುದಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ. 'ಈಗ ಕಟ್ಟಿದರೆ 7 ವರ್ಷ ಮತ್ತೆ ಮೊದಲಿಂದ ಶುರುವಾಗುತ್ತೆ' ಎಂದು ಹೆದರಿ ಕಟ್ಟದೇ ಇರುವವರು ನಮ್ಮವರಲ್ಲಿ ಬಹಳ ಜನ. ರಿಪೋರ್ಟಿನ ಮಟ್ಟಿಗೆ ಅದು ಸುಳ್ಳು.

ಊರಿನಲ್ಲಿ ಬ್ಯಾಂಕ್ ಸಾಲ ತೀರಿಸಿ ನೋ ಡ್ಯೂ ಸರ್ಟಿಫಿಕೇಟ್ ತಂದು ಬೀರುವಿನಲ್ಲಿಟ್ಟರೆ ಮುಗಿಯಿತು ಎಂಬ ಅಭ್ಯಾಸ ನಮ್ಮದು. ಇಲ್ಲಿ ಹಾಗಲ್ಲ. ಬಾಕಿ ಸೊನ್ನೆಯಾದರೂ, ಒಂದು ಕಾಲದಲ್ಲಿ ಈ ಬಿಲ್ಲು ವಸೂಲಿಗೆ ಹೋಗಿತ್ತು ಎಂಬ ಇತಿಹಾಸ ಉಳಿಯುತ್ತದೆ. ಹಾಗೆ ನೋಡಿದರೆ ಸಿಬಿಲ್‌ನಲ್ಲೂ 'ಸೆಟಲ್ಡ್' ಎಂಬ ಗುರುತು ಸಾಲ ಮುಗಿದ ಮೇಲೂ ಕಾಡುತ್ತದೆ. ಅಂದಹಾಗೆ, ಇಲ್ಲಿನ ರಿಪೋರ್ಟಿಗೂ ಸಿಬಿಲ್‌ಗೂ ಕೊಂಡಿ ಇಲ್ಲ. ಆ ಚಿಂತೆ ಬಿಡಿ.

ಈಗ 741 ಮತ್ತು 688ರ ವಿಷಯ. ಆ್ಯಪ್ ಸುಳ್ಳು ಹೇಳುತ್ತಿಲ್ಲ, ಲೋನ್ ಆಫೀಸರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಬೇರೆ ಬೇರೆ ಅಳತೆ ಹಿಡಿದಿದ್ದಾರೆ. ಫ್ರೀ ಆ್ಯಪ್‌ಗಳಲ್ಲಿ ಹೆಚ್ಚಿನವು ತೋರಿಸುವುದು ವ್ಯಾಂಟೇಜ್‌ಸ್ಕೋರ್ 3.0 ಎಂಬ ಮಾದರಿಯ ಅಂಕ. 2013ರಲ್ಲಿ ಬಂದ ಆ ಮಾದರಿ ತೀರಿಸಿದ ಕಲೆಕ್ಷನ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ಕಂಪನಿಯ ಫೈಕೋ ಎಂಬ ಮಾದರಿಗಳಲ್ಲಿ 2014ರ ಫೈಕೋ 9, ಆಮೇಲೆ ಬಂದ ಫೈಕೋ 10 ಕೂಡ ಹಾಗೆಯೇ. ಆದರೆ ಕಾರ್ಡು, ಕಾರ್ ಲೋನ್‌ಗೆ ಜಾಸ್ತಿ ಬಳಕೆಯಲ್ಲಿರುವ ಫೈಕೋ 8 ತೀರಿಸಿದ ಕಲೆಕ್ಷನ್‌ಗೂ ಅಂಕ ಕಡಿಯುತ್ತದೆ. ಮೂಲ ಮೊತ್ತ 100 ಡಾಲರಿಗಿಂತ ಕಡಿಮೆ ಇದ್ದರೆ ಮಾತ್ರ ಬಿಟ್ಟುಬಿಡುತ್ತದೆ. ನಿಮ್ಮದು 286, ಹಾಗಾಗಿ ಆ ರಿಯಾಯಿತಿ ಸಿಗಲ್ಲ.

ಮನೆ ಸಾಲದಲ್ಲಿ ಇನ್ನೂ ಹಳೆಯ ಅಳತೆ. ಕ್ರೆಡಿಟ್ ರಿಪೋರ್ಟ್ ಇಡುವ ಮೂರು ಸಂಸ್ಥೆಗಳಿವೆ, ಅವನ್ನು ಬ್ಯೂರೋ ಅನ್ನುತ್ತಾರೆ. ಬಹಳ ವರ್ಷಗಳಿಂದ ಬ್ಯಾಂಕುಗಳು ಎಕ್ಸ್‌ಪೀರಿಯನ್‌ನಿಂದ ಫೈಕೋ 2, ಟ್ರಾನ್ಸ್‌ಯೂನಿಯನ್‌ನಿಂದ ಫೈಕೋ 4, ಈಕ್ವಿಫ್ಯಾಕ್ಸ್‌ನಿಂದ ಫೈಕೋ 5 ತರಿಸಿ, ಮೂರರಲ್ಲಿ ಮಧ್ಯದ್ದನ್ನು ಹಿಡಿಯುತ್ತಿವೆ. ಈ ಮೂರೂ ತೀರಿಸಿದ ಕಲೆಕ್ಷನ್‌ಗೂ ಅಂಕ ಕಡಿಯುತ್ತವೆ. ಹೊಸ ಮಾದರಿಗಳಿಗೆ, ಅಂದರೆ ಫೈಕೋ 10ಟಿ ಮತ್ತು ವ್ಯಾಂಟೇಜ್‌ಸ್ಕೋರ್ 4.0ಕ್ಕೆ, 2022ರಲ್ಲೇ ಒಪ್ಪಿಗೆ ಸಿಕ್ಕಿತು. ಬ್ಯಾಂಕುಗಳಿಂದ ಮನೆ ಸಾಲ ಕೊಳ್ಳುವ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಎಂಬ ಸಂಸ್ಥೆಗಳಿಗೆ ಹೋಗುವ ಸಾಲಗಳಿಗೆ ವ್ಯಾಂಟೇಜ್‌ಸ್ಕೋರ್ 4.0 ಬಳಸಬಹುದು ಎಂದು 2025ರ ಜುಲೈನಲ್ಲಿ ಪ್ರಕಟಣೆಯೂ ಬಂತು. ಆದರೆ ಬಳಸಬಹುದು ಅಂದ ಮಾತ್ರಕ್ಕೆ ನಿಮ್ಮ ಬ್ಯಾಂಕು ಬಳಸುತ್ತದೆ ಅಂತಲ್ಲ. ಲೋನ್ ಆಫೀಸರನ್ನು ನೇರವಾಗಿ ಕೇಳಿ: 'ನೀವು ಯಾವ ಸ್ಕೋರ್ ಮಾದರಿ ನೋಡುತ್ತೀರಿ? ಮೂರು ಬ್ಯೂರೋಗಳ ಅಂಕ ಎಷ್ಟೆಷ್ಟು? ಈ ಕಲೆಕ್ಷನ್ ಯಾವ್ಯಾವುದರಲ್ಲಿದೆ?' ಇದನ್ನು ಕೇಳದೆ ಬೇರೆ ಯಾವ ಕೆಲಸಕ್ಕೂ ಕೈ ಹಾಕಬೇಡಿ. ಕಲೆಕ್ಷನ್ ಒಂದೇ ಬ್ಯೂರೋದಲ್ಲಿದ್ದು, ನಿಮ್ಮ ಮಧ್ಯದ ಅಂಕ ಇನ್ನೊಂದು ಬ್ಯೂರೋದ್ದಾದರೆ, ಅದನ್ನು ತೆಗೆಸಿದರೂ ಈ ಲೋನಿಗೆ ಏನೂ ಲಾಭವಾಗದೇ ಹೋಗಬಹುದು.

ಲಾಭ ಇದ್ದರೆ ಮಾತ್ರ ಅದು ದೊಡ್ಡದು. ಫ್ಯಾನಿ, ಫ್ರೆಡ್ಡಿ ಸಾಲಗಳಲ್ಲಿ ಸ್ಕೋರಿಗೆ ತಕ್ಕಂತೆ ಸೇರಿಸುವ ಶುಲ್ಕ 20 ಅಂಕಕ್ಕೊಂದು ಮೆಟ್ಟಿಲಿನಂತೆ ಬದಲಾಗುತ್ತದೆ. ನೀವೀಗ 680ರಿಂದ 699ರ ಮೆಟ್ಟಿಲಿನಲ್ಲಿದ್ದೀರಿ. 12 ಅಂಕ ಏರಿದರೆ ಮುಂದಿನ ಮೆಟ್ಟಿಲು. ಕಲೆಕ್ಷನ್ ಹೋದರೆ ಎಷ್ಟು ಏರುತ್ತದೆ ಎಂದು ಮುಂಚೆಯೇ ಹೇಳುವವರನ್ನು ನಂಬಬೇಡಿ. ರಿಪೋರ್ಟಿನಲ್ಲಿ ಬೇರೆ ಏನೇನಿದೆ ಎಂಬುದರ ಮೇಲೆ ಅದು ನಿಂತಿದೆ. ಕ್ರೆಡಿಟ್ ಕಾರ್ಡುಗಳಲ್ಲಿ ಬ್ಯಾಲೆನ್ಸ್ ಜಾಸ್ತಿ ಇಟ್ಟುಕೊಂಡಿದ್ದರೆ ಮೊದಲು ಅದನ್ನು ಇಳಿಸಿ. ಯಾರಿಗೂ ಪತ್ರ ಬರೆಯುವ ಅಗತ್ಯವಿಲ್ಲದೆ, ಮುಂದಿನ ಸ್ಟೇಟ್‌ಮೆಂಟ್ ಬರುವಷ್ಟರಲ್ಲಿ ಕೆಲವು ಅಂಕ ಅಲ್ಲಿಂದಲೇ ಬರಬಹುದು.

ಮುಂದಿನ ಕೆಲಸ, ಮೂರೂ ರಿಪೋರ್ಟ್ ತೆಗೆಯುವುದು. ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ಮೂರೂ ಬ್ಯೂರೋಗಳ ರಿಪೋರ್ಟ್ ವಾರಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ಆ್ಯಪ್‌ನ ಸಾರಾಂಶ ಸಾಲದು, ಪೂರ್ತಿ ರಿಪೋರ್ಟ್ ಬೇಕು. ಪಿಡಿಎಫ್ ಇಳಿಸಿಟ್ಟುಕೊಳ್ಳಿ. ನಾಳೆ ಅದರಲ್ಲಿ ಏನಾದರೂ ಬದಲಾದರೆ ನಿಮ್ಮ ಹತ್ತಿರ ಹಳೆಯದು ಇರಬೇಕು.

ಓದುವಾಗ ಮೊದಲು ನೋಡಬೇಕಾದದ್ದು ಬಾಕಿ ಮೊದಲು ಬಿದ್ದ ದಿನಾಂಕ. ರಿಪೋರ್ಟಿನಲ್ಲಿ 'ಡೇಟ್ ಆಫ್ ಫಸ್ಟ್ ಡೆಲಿಂಕ್ವೆನ್ಸಿ' ಎಂದೋ, ಈ ದಾಖಲೆ ಯಾವ ತಿಂಗಳವರೆಗೆ ಇರುತ್ತದೆ ಎಂದೋ ಬರೆದಿರುತ್ತದೆ. ಇಂಟರ್ನೆಟ್ ಕಂಪನಿಯ ಬಿಲ್ಲಿನ ದಿನಾಂಕಕ್ಕೂ ಇದಕ್ಕೂ ತಾಳೆ ಆಗಬೇಕು. ಕೆಲವು ಏಜೆನ್ಸಿಗಳು ತಾವು ಕೈಗೆ ತೆಗೆದುಕೊಂಡ ದಿನವನ್ನೇ ಇಲ್ಲಿ ತುಂಬಿಬಿಡುತ್ತವೆ. ಹಾಗೆ ಮಾಡಿದರೆ ದಾಖಲೆಯ ಆಯಸ್ಸು ಬೆಳೆಯುತ್ತದೆ, ಅದು ಕಾನೂನಿಗೆ ವಿರುದ್ಧ. ಆಮೇಲೆ ಬಾಕಿ ಸೊನ್ನೆ ಇದೆಯೇ, ಮೂಲ ಕಂಪನಿಯ ಹೆಸರು ಸರಿ ಇದೆಯೇ, ಒಂದೇ ಬಿಲ್ಲು ಎರಡು ಏಜೆನ್ಸಿಗಳ ಹೆಸರಿನಲ್ಲಿ ಎರಡು ಸಲ ಬಂದಿದೆಯೇ ನೋಡಿ. ಮೊದಲ ಏಜೆನ್ಸಿಯಿಂದ ಇನ್ನೊಂದಕ್ಕೆ ಹೋದಾಗ ಮೊದಲಿನವರು ತಮ್ಮ ದಾಖಲೆ ಅಳಿಸಬೇಕು. ಮರೆಯುವುದು ಮಾಮೂಲಿ.

ಹೆಸರನ್ನೂ ನೋಡಿ. ಇದು ನಮ್ಮವರಿಗೇ ವಿಶೇಷವಾದ ತೊಂದರೆ. ಊರಿನ ಹೆಸರು, ಅಪ್ಪನ ಹೆಸರು, ಇನಿಷಿಯಲ್ಲು ಎಲ್ಲ ಸೇರಿದ ಹೆಸರು ಇಲ್ಲಿಯ ಫಾರ್ಮಿನಲ್ಲಿ ಕೂರುವುದಿಲ್ಲ. ಒಂದು ಕಡೆ ಅಪ್ಪನ ಹೆಸರು ಕೊನೆಯ ಹೆಸರಾಗುತ್ತದೆ, ಇನ್ನೊಂದು ಕಡೆ ನಿಮ್ಮದೇ ಹೆಸರು ಕೊನೆಯದಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟವರಿಗೆ ವೀಸಾದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದು, ಅದೇ ಮೊದಲ ಹೆಸರಾಗಿ ಬ್ಯಾಂಕು, ಬ್ಯೂರೋ ಎಲ್ಲ ಕಡೆ ಸೇರಿಕೊಳ್ಳುತ್ತದೆ. ಇದರಿಂದ ಒಬ್ಬರ ಫೈಲು ಎರಡಾಗುವುದುಂಟು, ಇಬ್ಬರ ಫೈಲು ಒಂದಾಗುವುದೂ ಉಂಟು. ನೀವು ಎಂದೂ ಇರದ ವಿಳಾಸ ನಿಮ್ಮ ರಿಪೋರ್ಟಿನಲ್ಲಿ ಕಂಡರೆ, ಕಲೆಕ್ಷನ್‌ಗೆ ಹೋಗುವ ಮೊದಲು ಅದನ್ನು ಸರಿ ಮಾಡಿಸಿ.

ಈಗ ನಿಮ್ಮ ಮೋಡೆಮ್‌ಗೆ ಬರೋಣ. ಇಂಟರ್ನೆಟ್ ಕಂಪನಿಗಳ ಮೋಡೆಮ್‌ಗೆ ಸೀರಿಯಲ್ ನಂಬರ್ ಇರುತ್ತದೆ. ವಾಪಸ್ ಬಂದದ್ದು ಕೌಂಟರಿನಲ್ಲೋ ಗೋದಾಮಿನಲ್ಲೋ ಸ್ಕ್ಯಾನ್ ಆಗಿರಬೇಕು. ರೂಮ್‌ಮೇಟನ್ನು ಕೂರಿಸಿಕೊಂಡು ವಿವರ ಕೇಳಿ. ಅಂಗಡಿಗೆ ಕೊಟ್ಟರೋ, ಯುಪಿಎಸ್ ಕೊರಿಯರ್‌ಗೆ ಹಾಕಿದರೋ? ರಸೀದಿಯ ಫೋಟೋ ಫೋನಿನಲ್ಲಿದೆಯೇ? ಆ ವಾರ ನಿಮಗೆ ವಾಟ್ಸಾಪ್‌ನಲ್ಲಿ 'ಕೊಟ್ಟು ಬಂದೆ ಮಗಾ' ಎಂದು ಹಾಕಿದ್ದರೆ ಅದೂ ಉಪಯೋಗಕ್ಕೆ ಬರುತ್ತದೆ. ಎರಡು ವರ್ಷದ ಹಳೆ ಟ್ರ್ಯಾಕಿಂಗ್ ವೆಬ್‌ಸೈಟಿನಲ್ಲಿ ಸಿಗುವುದು ಅನುಮಾನ, ಆದರೆ ನಂಬರ್ ಇದ್ದರೆ ಕಂಪನಿ ತನ್ನ ದಾಖಲೆಯಲ್ಲಿ ಹುಡುಕಬಹುದು.

ಇದನ್ನೆಲ್ಲ ಕಲೆಕ್ಷನ್ ಏಜೆನ್ಸಿಗೆ ಮೊದಲು ಕಳಿಸಬೇಡಿ. ಇಂಟರ್ನೆಟ್ ಕಂಪನಿಗೆ ಕಳಿಸಿ. ಇಂಥ ಬಿಲ್ಲುಗಳಲ್ಲಿ ಸಾಮಾನ್ಯವಾಗಿ ಏಜೆನ್ಸಿ ಬರೀ ವಸೂಲಿ ಮಾಡುವ ಆಳು, ಸಾಲದ ಒಡೆಯ ಮೂಲ ಕಂಪನಿಯೇ. ಕಾರ್ಡು ಸಾಲಗಳನ್ನಾದರೆ ಪೂರ್ತಿ ಮಾರಿಬಿಡುತ್ತಾರೆ, ಆಗ ಕೊಂಡವನೇ ಒಡೆಯ. ನಿಮ್ಮದರಲ್ಲಿ ಯಾವುದು ಎಂದು ಕಂಪನಿಯನ್ನೇ ಕೇಳಿ: 'ನನ್ನ ಖಾತೆಯನ್ನು ಮಾರಿದ್ದೀರಾ, ಅಥವಾ ವಸೂಲಿಗೆ ಕೊಟ್ಟಿದ್ದೀರಾ?' ವಸೂಲಿಗೆ ಮಾತ್ರ ಕೊಟ್ಟಿದ್ದರೆ ಕಂಪನಿ ಖಾತೆಯನ್ನು ವಾಪಸ್ ಕರೆಸಿಕೊಂಡು, ದಾಖಲೆ ಅಳಿಸು ಎಂದು ಏಜೆನ್ಸಿಗೆ ಹೇಳಬಹುದು. ಒಡೆಯ ಹೇಳಿದ ಮೇಲೆ ಏಜೆನ್ಸಿಗೆ ಹಟ ಮಾಡಲು ಕಾರಣವೇ ಇರುವುದಿಲ್ಲ.

ಕಾಲ್ ಸೆಂಟರಿಗೆ ಫೋನ್ ಮಾಡಿ ಸಮಯ ಹಾಳು ಮಾಡಬೇಡಿ. 'ನಮ್ಮ ಸಿಸ್ಟಮ್‌ನಲ್ಲಿ ಕ್ಲೋಸ್ ಆಗಿದೆ, ಏಜೆನ್ಸಿಯನ್ನೇ ಕೇಳಿ' ಎಂಬ ಉತ್ತರ ಬರುತ್ತದೆ. ಏಜೆನ್ಸಿಯವರು ಮತ್ತೆ ಕಂಪನಿಯ ಕಡೆ ತೋರಿಸುತ್ತಾರೆ. ಅದರ ಬದಲು ಫೋನ್, ಇಂಟರ್ನೆಟ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಎಫ್‌ಸಿಸಿಯ ವೆಬ್‌ಸೈಟಿನಲ್ಲಿ ಇಂಟರ್ನೆಟ್ ಬಿಲ್ಲಿಂಗ್ ಬಗ್ಗೆ ಒಂದು ದೂರು ಹಾಕಿ. ಖರ್ಚಿಲ್ಲ, ಹದಿನೈದು ನಿಮಿಷದ ಕೆಲಸ. ಎಫ್‌ಸಿಸಿ ಅದನ್ನು ಕಂಪನಿಗೆ ಕಳಿಸುತ್ತದೆ, ಕಂಪನಿ 30 ದಿನದೊಳಗೆ ಬರಹದಲ್ಲಿ ಉತ್ತರ ಕೊಡಬೇಕು. ಇಂಥ ದೂರುಗಳು ಕಾಲ್ ಸೆಂಟರ್ ದಾಟಿ ಮೇಲಿನ ಮಟ್ಟದ ತಂಡಕ್ಕೆ ಹೋಗುತ್ತವೆ, ಅಲ್ಲಿ ಖಾತೆ ತೆರೆದು ನೋಡಿ ತೀರ್ಮಾನ ಮಾಡುವ ಅಧಿಕಾರ ಇರುವವರು ಕೂತಿರುತ್ತಾರೆ. ಇಷ್ಟೊಂದು ಉಪಯೋಗದ ಬಾಗಿಲು ಇದ್ದೂ ನಮ್ಮವರು ತಟ್ಟುವುದೇ ಇಲ್ಲ.

ದೂರಿನಲ್ಲಿ ಮೂರು ಬೇಡಿಕೆ ಇಡಿ. ಮೋಡೆಮ್ ಶುಲ್ಕ ತಪ್ಪಾಗಿ ಹಾಕಿದ್ದು ಎಂದು ಒಪ್ಪಿ ಪತ್ರ ಕೊಡಬೇಕು. 286 ಡಾಲರ್ ವಾಪಸ್ ಕೊಡಬೇಕು. ಖಾತೆಯನ್ನು ಏಜೆನ್ಸಿಯಿಂದ ವಾಪಸ್ ಕರೆಸಿ, ಮೂರೂ ಬ್ಯೂರೋಗಳಿಂದ ಅಳಿಸಲು ಹೇಳಬೇಕು. ಇಲ್ಲಿ 'ಅಳಿಸು' ಎಂಬ ಮಾತು ಮುಖ್ಯ. 'ಅಪ್‌ಡೇಟ್ ಮಾಡಿ' ಎಂದರೆ ಅವರು 'ತೀರಿದೆ' ಎಂಬ ಸ್ಥಿತಿ ಕಳಿಸುತ್ತಾರೆ, ಅದು ಈಗಾಗಲೇ ಇದೆ. ಬ್ಯೂರೋಗಳಿಗೆ ಮಾಹಿತಿ ಹೋಗುವ ಮೆಟ್ರೋ 2 ಎಂಬ ಪದ್ಧತಿಯಲ್ಲಿ ತೀರಿದ ಕಲೆಕ್ಷನ್‌ಗೆ 62 ಎಂಬ ಸಂಕೇತ, ಪೂರ್ತಿ ಅಳಿಸುವುದಕ್ಕೆ 'ಡಿಎ'. ಪತ್ರದಲ್ಲಿ 'ಡಿಎ' ಎಂದು ಬರೆದರೆ, ಓದುವವರಿಗೆ ನಿಮಗೆ ವಿಷಯ ಗೊತ್ತಿದೆ ಎಂದು ಅರ್ಥವಾಗುತ್ತದೆ.

ಕಂಪನಿಯಿಂದ ಪತ್ರ ಬಂದರೆ ಬ್ಯೂರೋಗೆ ಡಿಸ್ಪ್ಯೂಟ್ ಹಾಕುವುದು ಸುಲಭ. ಬರದಿದ್ದರೂ ರಸೀದಿ ಇದ್ದರೆ ಹಾಕಬಹುದು. ಡಿಸ್ಪ್ಯೂಟ್ ಬಂದ ಮೇಲೆ ಬ್ಯೂರೋ 30 ದಿನದೊಳಗೆ ವಿಚಾರಣೆ ಮುಗಿಸಬೇಕು. ಮಧ್ಯದಲ್ಲಿ ನೀವು ಇನ್ನಷ್ಟು ದಾಖಲೆ ಕಳಿಸಿದರೆ 45 ದಿನದವರೆಗೆ ಹೋಗಬಹುದು. ಆ ಅವಧಿಯಲ್ಲಿ ಸರಿ ಎಂದು ಖಚಿತಪಡಿಸಲಾಗದ್ದನ್ನು ಬ್ಯೂರೋ ತಿದ್ದಬೇಕು ಅಥವಾ ತೆಗೆಯಬೇಕು. ನಿಮ್ಮ ಸ್ನೇಹಿತರು ನೆಚ್ಚಿಕೊಂಡಿರುವುದು ಇದನ್ನೇ: ಏಜೆನ್ಸಿ ಉತ್ತರ ಕೊಡದೇ ಹೋದರೆ ಅಳಿಸಿಹೋಗುತ್ತದೆ ಎಂಬ ಜೂಜು.

ಆ ಜೂಜು ಯಾಕೆ ಬೇಡ? ವಿಚಾರಣೆ ಅನ್ನುವುದು ಹೆಚ್ಚಾಗಿ ಇ-ಆಸ್ಕರ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ನಿಮ್ಮ ದೂರು ಒಂದು ಸಂಕೇತವಾಗಿ ಏಜೆನ್ಸಿಗೆ ಹೋಗುತ್ತದೆ. 'ನನ್ನದಲ್ಲ' ಎಂಬ ಸಂಕೇತ ಬಂದರೆ ಅವರು ಹೆಸರು, ವಿಳಾಸ, ಸೋಷಿಯಲ್ ಸೆಕ್ಯುರಿಟಿ ನಂಬರ್ (ಸರ್ಕಾರ ಪ್ರತಿಯೊಬ್ಬರಿಗೂ ಕೊಡುವ ಗುರುತಿನ ನಂಬರ್) ತಾಳೆ ನೋಡುತ್ತಾರೆ. ಎಲ್ಲ ಸರಿ ಇರುತ್ತದೆ, ಯಾಕೆಂದರೆ ಖಾತೆ ನಿಮ್ಮದೇ. 'ಸರಿ ಇದೆ' ಎಂದು ಒತ್ತುತ್ತಾರೆ. ಮುಗಿಯಿತು. ಅದರ ಮೇಲೆ, ನಿಮ್ಮ ಕಾರ್ಡಿನಿಂದ ಅವರಿಗೆ ದುಡ್ಡು ಹೋದ ದಾಖಲೆ ಬೇರೆ ಇದೆ. ಆಮೇಲೆ ಮೋಡೆಮ್ ರಸೀದಿ ಹಿಡಿದು ಬಂದರೆ, ಮೊನ್ನೆ ನನ್ನದಲ್ಲ ಎಂದವರು ಇಂದು ನನ್ನದೇ ಆದರೆ ಬಿಲ್ಲು ತಪ್ಪು ಅನ್ನುತ್ತಿದ್ದಾರೆ ಎಂದಾಗುತ್ತದೆ. ಒಳ್ಳೆಯ ಕೇಸನ್ನು ಕೈಯಾರೆ ಕೆಡಿಸಿಕೊಂಡಂತೆ.

ಇನ್ನೂ ಮುಂದೆ ಹೋಗಿ, ಬೇರೆಯವರು ನನ್ನ ಹೆಸರು ಬಳಸಿ ಸಾಲ ಮಾಡಿದ್ದಾರೆ, ಗುರುತಿನ ಕಳ್ಳತನ ಆಗಿದೆ ಎಂದು ಎಫ್‌ಟಿಸಿ ಎಂಬ ಸರ್ಕಾರಿ ಸಂಸ್ಥೆಗೆ ದೂರು ಕೊಡಿ ಎಂದು ಸಲಹೆ ಕೊಡುವವರೂ ಇದ್ದಾರೆ. ನಿಜವಾದ ಕಳ್ಳತನವಾದರೆ ಅದು ಬಲವಾದ ದಾರಿ. ದಾಖಲೆಗಳೆಲ್ಲ ಸರಿಯಾಗಿ ತಲುಪಿದರೆ ಬ್ಯೂರೋ 4 ಕೆಲಸದ ದಿನದೊಳಗೆ ಆ ಖಾತೆಯನ್ನು ತಡೆಯಬೇಕು. ಸುಳ್ಳಾದರೆ ಅದು ಸರ್ಕಾರಕ್ಕೆ ಕೊಟ್ಟ ಸುಳ್ಳು ಹೇಳಿಕೆ, ಅಪರಾಧ. ವೀಸಾ ಮೇಲಿರುವವರು, ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರು 286 ಡಾಲರಿನ ಕಲೆಕ್ಷನ್‌ಗಾಗಿ ಅಂಥ ಕಾಗದಕ್ಕೆ ಸಹಿ ಹಾಕುವುದೇ?

ನಿಮ್ಮ ಡಿಸ್ಪ್ಯೂಟ್ ಹೀಗಿರಲಿ. ಖಾತೆ ನನ್ನದು, ಸೇವೆ ಇಂಥ ದಿನ ನಿಲ್ಲಿಸಿದೆ, ಇಂಥ ಸೀರಿಯಲ್ ನಂಬರಿನ ಮೋಡೆಮ್ ಇಂಥ ದಿನ ವಾಪಸ್ ಹೋಗಿದೆ, ರಸೀದಿ ಜೊತೆಗಿದೆ, ಆದ್ದರಿಂದ ಈ ಸಾಲ ಇರಲೇ ಇಲ್ಲ, ದಾಖಲೆ ಅಳಿಸಿ. ಅರ್ಧ ಪುಟ ಸಾಕು. ಸಿಟ್ಟು, ಸಂಕಟ, ಊರಿಗೆ ಹೋದ ಕಥೆ ಬೇಡ. ಜೊತೆಗೆ ಗುರುತಿನ ಚೀಟಿಯ ಪ್ರತಿ, ಈಗಿನ ವಿಳಾಸದ ಪುರಾವೆ, ರಿಪೋರ್ಟಿನ ಆ ಪುಟ. ಕಲೆಕ್ಷನ್ ಇರುವ ಪ್ರತಿ ಬ್ಯೂರೋಗೂ ಬೇರೆ ಬೇರೆಯಾಗಿ ಸರ್ಟಿಫೈಡ್ ಮೇಲ್‌ನಲ್ಲಿ, ತಲುಪಿದ್ದಕ್ಕೆ ರಸೀದಿ ಕೇಳಿ ಕಳಿಸಿ. ಆನ್‌ಲೈನ್‌ನಲ್ಲೂ ಹಾಕಬಹುದು. ಆದರೆ ಅಲ್ಲಿ ಕೊಟ್ಟಿರುವ ಕಾರಣಗಳ ಪಟ್ಟಿಯಲ್ಲಿ ನಿಮ್ಮ ಕಥೆ ಹೊಂದದೇ ಹೋಗಬಹುದು. ಅದಕ್ಕೇ ನಾನು ಅಂಚೆ ಅನ್ನುವುದು.

ಅದೇ ಪತ್ರ ಏಜೆನ್ಸಿಗೂ ಹೋಗಲಿ, ಆದರೆ ಬ್ಯೂರೋ ಬಿಟ್ಟು ಏಜೆನ್ಸಿಗೆ ಮಾತ್ರ ಕಳಿಸಬೇಡಿ. ನೇರ ದೂರಿಗೂ ಅವರು ವಿಚಾರಣೆ ಮಾಡಬೇಕು, ನಿಜ. ಆದರೆ ಸರಿಯಾಗಿ ವಿಚಾರಿಸಲಿಲ್ಲ ಎಂದು ನಾಳೆ ಕೋರ್ಟಿಗೆ ಹೋಗುವ ಹಕ್ಕು ನಿಮಗೆ ಹುಟ್ಟುವುದು ಬ್ಯೂರೋ ಮೂಲಕ ದೂರು ಹೋದಾಗ. ಏಜೆನ್ಸಿಗೆ ಬರೆಯುವಾಗ ಇನ್ನೊಂದು ಪ್ರಶ್ನೆ ಸೇರಿಸಿ: ಮೊದಲ ನೋಟಿಸ್ ಯಾವ ದಿನ, ಯಾವ ವಿಳಾಸಕ್ಕೆ ಕಳಿಸಿದಿರಿ? 2021ರ ನವೆಂಬರ್ 30ರಿಂದ ಜಾರಿಯಲ್ಲಿರುವ ರೆಗ್ಯುಲೇಷನ್ ಎಫ್ ಎಂಬ ಸಾಲ ವಸೂಲಿ ನಿಯಮದ ಪ್ರಕಾರ, ಏಜೆನ್ಸಿ ನಿಮ್ಮನ್ನು ಸಂಪರ್ಕಿಸದೆ ಬ್ಯೂರೋಗೆ ಸಾಲ ತಿಳಿಸುವಂತಿಲ್ಲ. ಅಂಚೆಯಲ್ಲಿ ಕಳಿಸಿದರೆ, ಅದು ತಲುಪದೆ ವಾಪಸ್ ಬರುತ್ತದೋ ಎಂದು ಸ್ವಲ್ಪ ದಿನ ಕಾಯಬೇಕು; 14 ದಿನ ಕಾದರೆ ಸಾಕು ಎಂದು ನಿಯಮ ಹೇಳುತ್ತದೆ. ಹಳೆ ವಿಳಾಸದಿಂದ ಕಾಗದ ವಾಪಸ್ ಹೋಗಿದ್ದರೂ ಅವರು ವರದಿ ಮಾಡಿದ್ದರೆ, ನಿಮ್ಮ ಕೈಗೆ ಇನ್ನೊಂದು ಹಿಡಿತ ಸಿಕ್ಕಂತೆ. ಟೆಕ್ಸಾಸ್‌ನ ಸಾಲ ವಸೂಲಿ ಕಾನೂನಿನಲ್ಲೂ, ಬರಹದಲ್ಲಿ ತಕರಾರು ಬಂದರೆ ಏಜೆನ್ಸಿ 30 ದಿನದೊಳಗೆ ಉತ್ತರ ಕೊಡಬೇಕೆಂದಿದೆ.

ಬ್ಯೂರೋ 'ಸರಿ ಇದೆ' ಎಂದು ವಾಪಸ್ ಕಳಿಸಿದರೆ ಎದೆಗುಂದಬೇಡಿ. ಅದೇ ದಾಖಲೆಗಳೊಡನೆ, ಗ್ರಾಹಕರ ಹಣಕಾಸು ದೂರು ನೋಡುವ ಸರ್ಕಾರಿ ಸಂಸ್ಥೆ ಸಿಎಫ್‌ಪಿಬಿಗೆ ದೂರು ಹಾಕಿ, ಬ್ಯೂರೋ ಮೇಲೊಂದು, ಏಜೆನ್ಸಿ ಮೇಲೊಂದು. ಅಷ್ಟಕ್ಕೂ ಬಗ್ಗದಿದ್ದರೆ ಮೊದಲು ಹೇಳಿದ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆಕ್ಟ್‌ನಲ್ಲಿ ಪಳಗಿದ ವಕೀಲರನ್ನು ನೋಡಿ. ಗೆದ್ದರೆ ವಕೀಲರ ಫೀಸನ್ನು ಎದುರು ಪಕ್ಷವೇ ಕೊಡಬೇಕು. ಬೇಕೆಂದೇ ಕಾನೂನು ಮುರಿದಿದ್ದರೆ 100ರಿಂದ 1000 ಡಾಲರ್ ಪರಿಹಾರಕ್ಕೂ ಅವಕಾಶವಿದೆ. ಹಾಗಾಗಿ ಪುರಾವೆ ಗಟ್ಟಿ ಇದ್ದರೆ ಕೈಯಿಂದ ಮುಂಗಡ ಕೇಳದೆ ಕೇಸ್ ಹಿಡಿಯುವವರು ಸಿಗುತ್ತಾರೆ.

ಸರಿ, ರಸೀದಿ ಸಿಗಲಿಲ್ಲ, ರೂಮ್‌ಮೇಟ್‌ಗೂ ನೆನಪಿಲ್ಲ, ಬಿಲ್ಲು ಸರಿಯೇ ಇರಬಹುದು ಅನ್ನಿ. ಆಗ ಉಳಿಯುವುದು ಗುಡ್‌ವಿಲ್ ಲೆಟರ್, ಅಂದರೆ ದಯವಿಟ್ಟು ಅಳಿಸಿ ಎಂದು ಕೇಳಿಕೊಳ್ಳುವ ಪತ್ರ. ಇದಕ್ಕೆ ಕಾನೂನಿನ ಬಲವಿಲ್ಲ, ಇಲ್ಲ ಎಂದರೆ ಇಲ್ಲ. ಆದರೂ ಕೆಲಸ ಆಗುವುದುಂಟು, ವಿಶೇಷವಾಗಿ ಮೊತ್ತ ಸಣ್ಣದಿದ್ದು, ಪೂರ್ತಿ ಕಟ್ಟಿದ್ದು, ಬೇರೆಲ್ಲ ಖಾತೆ ಚೊಕ್ಕಟವಾಗಿದ್ದಾಗ. ಇಲ್ಲೂ ಮೊದಲ ಪತ್ರ ಮೂಲ ಕಂಪನಿಗೆ. 'ವಿಳಾಸ ಬದಲಾದ್ದರಿಂದ ಬಿಲ್ಲು ಕಾಣಲಿಲ್ಲ, ತಿಳಿದ ಕೂಡಲೇ ಪೂರ್ತಿ ಕಟ್ಟಿದೆ, ರಸೀದಿ ಇಟ್ಟಿದ್ದೇನೆ, ಮನೆ ಸಾಲಕ್ಕೆ ಅರ್ಜಿ ಹಾಕುತ್ತಿದ್ದೇನೆ, ಈ ಖಾತೆಯನ್ನು ಏಜೆನ್ಸಿಯಿಂದ ವಾಪಸ್ ಕರೆಸಿ ಅಳಿಸಲು ಸಾಧ್ಯವೇ' ಎಂದು ಮರ್ಯಾದೆಯಿಂದ ಕೇಳಿ. ಇದು ಡಿಸ್ಪ್ಯೂಟ್ ಅಲ್ಲ ಎಂದೂ ಬರೆಯಿರಿ, ಇಲ್ಲದಿದ್ದರೆ ಅದನ್ನೂ ತಕರಾರಿನ ಕಟ್ಟಿಗೆ ಸೇರಿಸಿಬಿಡುತ್ತಾರೆ. ಒಬ್ಬರು ಇಲ್ಲ ಎಂದರೆ ಒಂದು ತಿಂಗಳು ಬಿಟ್ಟು ಇನ್ನೊಬ್ಬರಿಗೆ ಬರೆಯಿರಿ. ಓದುವ ಕೈ ಬದಲಾದರೆ ಉತ್ತರವೂ ಬದಲಾಗಬಹುದು. 'ಬ್ಯೂರೋ ನಿಯಮ ಬಿಡುವುದಿಲ್ಲ' ಎಂದು ಏಜೆನ್ಸಿ ಹೇಳಿದರೆ ಪೂರ್ತಿ ನಂಬಬೇಡಿ. ದುಡ್ಡು ಪಡೆದು ಅಳಿಸುವುದನ್ನು ಬ್ಯೂರೋಗಳು ಇಷ್ಟಪಡುವುದಿಲ್ಲ ಅನ್ನುವುದು ನಿಜ. ಆದರೆ ಅದು ಕಾನೂನಿನ ನಿಷೇಧವಲ್ಲ. ದುಡ್ಡು ಬಂದ ಮೇಲೆ ತಾವಾಗಿಯೇ ಅಳಿಸುವ ಏಜೆನ್ಸಿಗಳೂ ಇವೆ.

ಲೋನ್ ವಿಚಾರದಲ್ಲಿ ಒಂದು ಎಚ್ಚರಿಕೆ. ಅರ್ಜಿ ಬ್ಯಾಂಕಿನ ಮೇಜಿನ ಮೇಲಿರುವಾಗ ಹೇಳದೆ ಕೇಳದೆ ಡಿಸ್ಪ್ಯೂಟ್ ಹಾಕಬೇಡಿ. ತಕರಾರಿನಲ್ಲಿದೆ ಎಂಬ ಗುರುತು ರಿಪೋರ್ಟಿನಲ್ಲಿ ಬಿದ್ದರೆ ಕೆಲವು ಸಾಲಗಳಲ್ಲಿ ಫೈಲು ಅಲ್ಲೇ ನಿಲ್ಲುತ್ತದೆ. ತಕರಾರು ವಾಪಸ್ ತೆಗೆಯಿರಿ ಎಂದು ಬ್ಯಾಂಕು ಕೇಳುತ್ತದೆ, ಅದಕ್ಕೊಂದಷ್ಟು ದಿನ ಹೋಗುತ್ತದೆ, ಅಷ್ಟರಲ್ಲಿ ರೇಟ್ ಲಾಕ್, ಅಂದರೆ ಬಡ್ಡಿ ದರ ಬದಲಾಗದೆ ಹಿಡಿದಿಟ್ಟ ಅವಧಿ, ಮುಗಿಯುತ್ತದೆ. ಮನೆ ಇನ್ನೂ ನೋಡುತ್ತಿದ್ದೀರಿ ಅಂದರೆ ಮೊದಲು ಈ ಕೆಲಸ ಮುಗಿಸಿ. ಮನೆ ಸಿಕ್ಕಾಗಿದ್ದರೆ ಲೋನ್ ಆಫೀಸರಿಗೆ ಹೇಳಿಯೇ ಹೆಜ್ಜೆ ಇಡಿ. ಅಳಿಸುತ್ತೇವೆ ಎಂಬ ಪತ್ರ ಕೈಗೆ ಬಂದರೆ ಅವರಿಂದ ರ‍್ಯಾಪಿಡ್ ರೀಸ್ಕೋರ್ ಮಾಡಿಸಬಹುದು. ಅದರಲ್ಲಿ ಬ್ಯೂರೋ ಕೆಲವೇ ದಿನಗಳಲ್ಲಿ ದಾಖಲೆ ತಿದ್ದಿ ಹೊಸ ಅಂಕ ಕೊಡುತ್ತದೆ. ಇದನ್ನು ಬ್ಯಾಂಕಿನ ಮೂಲಕವೇ ಮಾಡಿಸಬೇಕು, ನೀವಾಗಿ ಆಗುವುದಿಲ್ಲ.

ಆ 900 ಡಾಲರಿನವರು ಮುಂಗಡ ಕೇಳುತ್ತಿದ್ದರೆ ಅಲ್ಲಿಗೇ ಬಿಡಿ. 1996ರ ಕ್ರೆಡಿಟ್ ರಿಪೇರ್ ಆರ್ಗನೈಸೇಷನ್ಸ್ ಆಕ್ಟ್ ಪ್ರಕಾರ ಹೇಳಿದ ಕೆಲಸ ಮುಗಿಸುವ ಮೊದಲು ದುಡ್ಡು ತೆಗೆದುಕೊಳ್ಳುವಂತಿಲ್ಲ. ಸಹಿ ಹಾಕಿದ ಮೇಲೂ 3 ಕೆಲಸದ ದಿನದೊಳಗೆ ನೀವು ಬೇಡ ಅನ್ನಬಹುದು. ಅವರು ಮಾಡುವುದೂ ನಿಮ್ಮ ಸ್ನೇಹಿತರು ಹೇಳಿದ್ದನ್ನೇ, ರಾಶಿ ರಾಶಿ ಡಿಸ್ಪ್ಯೂಟ್ ಕಳಿಸುವುದು. ಸೋಷಿಯಲ್ ಸೆಕ್ಯುರಿಟಿ ನಂಬರಿನ ಬದಲು 'ಸಿಪಿಎನ್' ಎಂಬ ಹೊಸ ನಂಬರ್ ಕೊಡುತ್ತೇವೆ ಎಂದರೆ ಅದು ನೇರ ವಂಚನೆ. ಅದರಲ್ಲಿ ಲೋನ್ ಅರ್ಜಿ ಹಾಕಿದರೆ ಸಿಕ್ಕಿಬೀಳುವುದು ನೀವು.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದೆರಡು ಮಾತು. ಕಲೆಕ್ಷನ್ ಆಸ್ಪತ್ರೆಯದ್ದಾದರೆ ಇಷ್ಟೆಲ್ಲ ಬೇಕಿಲ್ಲ. 2022ರ ಜುಲೈ 1ರಿಂದ ತೀರಿಸಿದ ವೈದ್ಯಕೀಯ ಕಲೆಕ್ಷನ್‌ಗಳನ್ನು ಮೂರೂ ಬ್ಯೂರೋಗಳು ತೆಗೆದಿವೆ. 2023ರ ಏಪ್ರಿಲ್‌ನಿಂದ ಮೂಲ ಮೊತ್ತ 500 ಡಾಲರಿಗಿಂತ ಕಡಿಮೆ ಇದ್ದರೆ ಕಟ್ಟದಿದ್ದರೂ ತೋರಿಸುವುದಿಲ್ಲ. ಎಲ್ಲ ವೈದ್ಯಕೀಯ ಸಾಲವನ್ನೂ ತೆಗೆಯಬೇಕು ಎಂದು ಸಿಎಫ್‌ಪಿಬಿ 2025ರ ಜನವರಿಯಲ್ಲಿ ತಂದ ನಿಯಮವನ್ನು ಅದೇ ವರ್ಷ ಜುಲೈನಲ್ಲಿ ಟೆಕ್ಸಾಸ್‌ನ ಫೆಡರಲ್ ಕೋರ್ಟ್ ರದ್ದು ಮಾಡಿತು. ಆದರೆ ಮೇಲಿನ ಎರಡೂ ಬ್ಯೂರೋಗಳೇ ಮಾಡಿಕೊಂಡ ತೀರ್ಮಾನ, ಅವಕ್ಕೆ ಆ ತೀರ್ಪು ತಾಗಲಿಲ್ಲ. ತೀರಿಸಿದ ಆಸ್ಪತ್ರೆ ಬಿಲ್ಲು ಇನ್ನೂ ಕಾಣುತ್ತಿದ್ದರೆ ರಸೀದಿ ಹಚ್ಚಿ ಡಿಸ್ಪ್ಯೂಟ್ ಹಾಕಿ.

ಇನ್ನೂ ಕಟ್ಟಿಲ್ಲದವರು ಅವಸರದಲ್ಲಿ ಕಟ್ಟಬೇಡಿ. ನೋಟಿಸ್ ಬಂದ 30 ದಿನದೊಳಗೆ ಬರಹದಲ್ಲಿ ತಕರಾರು ಹಾಕಿದರೆ, ಸಾಲದ ಪುರಾವೆ ಕೊಡುವವರೆಗೆ ಏಜೆನ್ಸಿ ವಸೂಲಿ ನಿಲ್ಲಿಸಬೇಕು. ಸಾಲ ನಿಜವೇ ಆದರೆ, ಕಟ್ಟುವ ಮೊದಲು ಕೇಳಿ: ಕಟ್ಟಿದರೆ ಅಳಿಸುತ್ತೀರಾ? ಹೌದು ಎಂದರೆ ಅದನ್ನು ಪತ್ರದಲ್ಲೋ ಇಮೇಲ್‌ನಲ್ಲೋ ಪಡೆದೇ ದುಡ್ಡು ಕಳಿಸಿ. ಫೋನಿನ ಮಾತಿಗೆ ಬೆಲೆಯಿಲ್ಲ. ಊರಿಗೆ ವಾಪಸ್ ಹೊರಟವರು, ಮನೆ ಬದಲಿಸುವವರು ಅಂಚೆ ಇಲಾಖೆಯಲ್ಲಿ ವಿಳಾಸ ಬದಲಾವಣೆ ಹಾಕಿ. ಒಂದು ವರ್ಷದವರೆಗೆ ಕಾಗದ ಹೊಸ ವಿಳಾಸಕ್ಕೆ ಬರುತ್ತದೆ. ಮೋಡೆಮ್ ಕೊಟ್ಟ ರಸೀದಿಯ ಫೋಟೋ ತೆಗೆದಿಡಿ.

ನಿಮ್ಮ ವಿಷಯದಲ್ಲಿ ಈ ವಾರದ ಕೆಲಸ ಇಷ್ಟು: ಲೋನ್ ಆಫೀಸರಿಂದ ಮೂರು ಅಂಕ ಕೇಳುವುದು, ಮೂರು ರಿಪೋರ್ಟ್ ಇಳಿಸುವುದು, ರೂಮ್‌ಮೇಟ್ ಫೋನಿನಲ್ಲಿ ಹುಡುಕಿಸುವುದು. ಏನಾದರೂ ಸಿಕ್ಕ ದಿನವೇ ಎಫ್‌ಸಿಸಿ ದೂರು. ಅಳಿಸಿದ ಸುದ್ದಿ ಬಂದ ಮೇಲೂ ಪತ್ರಗಳನ್ನು ಎಸೆಯಬೇಡಿ. ಕೆಲವು ಸಲ ಏಜೆನ್ಸಿ ಮುಂದಿನ ತಿಂಗಳು ಬ್ಯೂರೋಗೆ ಕಳಿಸುವ ಮಾಹಿತಿಯಲ್ಲಿ ಅದೇ ದಾಖಲೆ ಮತ್ತೆ ಬಂದು ಕೂರುತ್ತದೆ. ಡಿಸ್ಪ್ಯೂಟ್‌ನಿಂದ ಅಳಿಸಿದ್ದನ್ನು ಮತ್ತೆ ಸೇರಿಸಬೇಕಾದರೆ ಅದು ಸರಿ ಇದೆ ಎಂದು ಏಜೆನ್ಸಿ ಬ್ಯೂರೋಗೆ ಪ್ರಮಾಣ ಕೊಡಬೇಕು, ಬ್ಯೂರೋ 5 ಕೆಲಸದ ದಿನದೊಳಗೆ ನಿಮಗೆ ಬರಹದಲ್ಲಿ ತಿಳಿಸಬೇಕು. ತಿಳಿಸದೆ ಸೇರಿಸಿದ್ದು ಕಂಡರೆ, ಹಳೆಯ ಪಿಡಿಎಫ್ ಮತ್ತು ಆ ಪತ್ರ ಜೊತೆಗಿಟ್ಟು ಮಾರನೆಯ ದಿನವೇ ಬರೆಯಿರಿ.